ಮೂರನೆಯ ಮನೆಯ ಬುಧವಂತ

ರಾತ್ರಿ ಹನ್ನೊಂದಾದರೆ ಬೈತಕೋಲದ ಧಕ್ಕೆಯ ಮೇಲೆ
ಮಡಚುವ ಮೇಜು ಬಿಡಿಸುತ್ತಿದ್ದೆವು.
ನಾನು, ಸೂಜಿಯ ಡಬ್ಬಿ, ಸ್ಪಿರಿಟ್ಟಿನ ಹತ್ತಿ,
ಟಾರ್ಚು ಹಿಡಿಯಲು ಅಟೆಂಡರ್ ಪೋಕಾ.

ಆನೆಕಾಲಿನ ಹುಳಕ್ಕೆ ಇರುಳೇ ಹಗಲು.
ಮರಿಗಳು ದಿನವಿಡೀ ಶ್ವಾಸಕೋಶದಲ್ಲಿ ಅವಿತಿದ್ದು
ಊರು ಮಲಗಿದ ಮೇಲೆ
ತೊಗಲ ಕೆಳಗಿನ ಓಣಿಗಳಿಗೆ ಬರುತ್ತವೆ.
ಸೊಳ್ಳೆ ಬರುವ ಹೊತ್ತು ಅವಕ್ಕೆ ಯಾರು ಹೇಳಿಕೊಟ್ಟರೋ.
ಅದಕ್ಕೇ ನಮ್ಮದೂ ಕಳ್ಳರ ಹೊತ್ತಿನ ಕೆಲಸ.

ಹೊಸ ಕಾರ್ಡು ಬಂದಿತ್ತು, ಬಸ್ ಟಿಕೆಟ್ಟಿನಷ್ಟು ಉದ್ದ.
ಒಂದು ಹನಿ ರಕ್ತ, ಹತ್ತು ನಿಮಿಷ.
ಒಂದೇ ಗೆರೆ ಮೂಡಿದರೆ ಇಲ್ಲ, ಎರಡಾದರೆ ಇದೆ.
ತಡವಾಗಿ ನೋಡಿದರೆ ಸುಳ್ಳು ಹೇಳೀತು
ಎಂದು ಪೊಟ್ಟಣದ ಮೇಲೇ ಅಚ್ಚಾಗಿತ್ತು;
ಮನುಷ್ಯರ ಮೇಲೂ ಹಾಗೆ ಬರೆದಿದ್ದರೆ!
ಕಾರ್ಡನ್ನು ನಂಬಬಹುದೋ ಬಾರದೋ,
ಹೇಳಬೇಕಾದವರು ನಾವು.
ಅಳೆಯುವ ಸೇರು ಹಳೆಯದೇ:
ಗಾಜಿನ ಚೂರು, ಗೀಮ್ಸಾ ಬಣ್ಣ,
ನನ್ನ ಎರಡು ಕಣ್ಣು. ಒಂದಕ್ಕೆ ಈಗೀಗ ಪೊರೆ.

ಸೇರನ್ನು ಅಳೆದವರು ಯಾರು?
ಅದು ನಮೂನೆಯಲ್ಲಿ ಇರಲಿಲ್ಲ.

ಇನ್ನೂರ ಹದಿನಾಲ್ಕು ಬೆರಳು.
ಚೌಕಾಬಾರಕ್ಕೆ ಗೆರೆ ಎಳೆದ ಹಾಗೆ ನಾಲ್ಕು ಮನೆ.
ಗಾಜೂ ಕಾರ್ಡೂ ಹೌದೆಂದವರು ಒಂಬತ್ತು.
ಎರಡೂ ಇಲ್ಲವೆಂದವರು ನೂರ ತೊಂಬತ್ತೇಳು, ಅವರು ಮನೆಗೆ ಹೋದರು.
ಗಾಜು ಕಂಡದ್ದು ಕಾರ್ಡಿಗೆ ಕಾಣದ್ದು ಒಂದು.
ಕಾರ್ಡು ಹೌದೆಂದು ಗಾಜು ಅಲ್ಲವೆಂದವರು ಏಳು ಜನ,
ಅವರದು ಮೂರನೆಯ ಮನೆ.
ಅದರ ಹೆಸರು 'ಸುಳ್ಳು ಪಾಸಿಟಿವ್'.

ಅಲ್ಲಿದ್ದ ಬುಧವಂತ ಹರಿಕಂತ್ರ,
ಟ್ರಾಲ್ ಬೋಟಿನ ತಾಂಡೇಲ, ನಲವತ್ತೊಂದು.
ಅವನ ಎರಡನೇ ಗೆರೆ ಮುರುಗಲ ರಸದಷ್ಟು ಗಾಢ.
ಗಾಜಿನಲ್ಲಿ ಮೂರು ಸಾಲು ಹುಡುಕಿದೆ, ಎರಡು ಸಲ ಹುಡುಕಿದೆ.
ಏನೂ ಇಲ್ಲ.

"ನಂದು ಸುಳ್ಳು ಅಂದ್ರಾ ಅಕ್ಕೋರೇ?"
ಹಗ್ಗ ಸುತ್ತುತ್ತಲೇ ಕೇಳಿದ, ಮುಖ ಎತ್ತದೆ.
"ರಾತ್ರೆ ರಕ್ತ ಬೇಕು ಅಂದ್ರಿ, ಕೊಟ್ಟೆ.
ನಂಗೆ ರಾತ್ರೆ ಅಂದ್ರೆ ಯಾವಾಗ ಅಂತ ಕೇಳೇ ಇಲ್ಲ.
ಇಪ್ಪತ್ತು ವರ್ಷಾತು, ನಾ ಮಲಗೂದು ಮಧ್ಯಾಹ್ನ.
ಬೇಕಾರೆ ಮಲಗ್ದಾಗ ಬಂದು ಚುಚ್ಚಿ. ಏಳಿಸ್ಬೇಡಿ ಮಾತ್ರ."

ಹೋದೆ. ಒಂದೂವರೆಯ ಬಿಸಿಲು, ಮರಳು ಸುಡುತ್ತಿತ್ತು.
ಬಲೆಯ ಚಪ್ಪರದಡಿ ಅಂಗಾತ ಮಲಗಿದ್ದ.
ಶೇವಂತಿ ಬಂಗಡೆ ಕೊಯ್ಯುತ್ತಿದ್ದವಳು
ತುಟಿಗೆ ಬೆರಳಿಟ್ಟಳು, ಬೆರಳ ತುಂಬ ಸಿಬಿರೆ.
ಅವನ ಉಂಗುರದ ಬೆರಳು ಒತ್ತಿದೆ.
ಗೊರಕೆ ಒಮ್ಮೆ ತಪ್ಪಿ ಮತ್ತೆ ದಾರಿ ಹಿಡಿಯಿತು.

ಸಂಜೆ ಸೂಕ್ಷ್ಮದರ್ಶಕದಲ್ಲಿ ಅವು ಇದ್ದವು,
ಹನ್ನೊಂದು,
ನೇರಳೆ ನೂಲಿನ ತುಂಡುಗಳು, ಮೈಮೇಲೆ ತೆಳು ಅಂಗಿ,
ಬಾಲದ ತುದಿಯಲ್ಲಿ ಕಣಗಳಿಲ್ಲದ ಆ ಖಾಲಿ ಜಾಗ,
ಅದೇ ಗುರುತು.
ಹುಳಗಳೂ ಅವನ ಪಾಳಿಗೆ ಒಗ್ಗಿದ್ದವು.
ಕಾರ್ಡು ನಿಜ ಹೇಳಿತ್ತು. ಸೇರಿಗೇ ತೂತು.

ಡಾಕ್ಟರ್ ಪೆಡ್ನೇಕರ್ ಬಹಳ ಹೊತ್ತು ನೋಡಿದರು.
"ಮಾತ್ರೆ ಇವತ್ತೇ ಕೊಡಿ," ಎಂದರು.
ಆಮೇಲೆ ಕನ್ನಡಕ ತೆಗೆದು:
"ಕೋಷ್ಟಕದಲ್ಲಿ ಮಾತ್ರ ಅವನು ಅಲ್ಲೇ ಇರಬೇಕು.
ಹತ್ತರಿಂದ ಎರಡು ಎಂದು ಮೊದಲೇ ಬರೆದಿದ್ದೇವೆ.
ಅನುಮಾನ ಬಂದವರನ್ನಷ್ಟೇ ಮತ್ತೆ ಅಳೆದರೆ
ಕಾರ್ಡಿನ ಪರ ವಕಾಲತ್ತು ಮಾಡಿದ ಹಾಗೆ.
ನೂರ ತೊಂಬತ್ತೇಳು ಜನರ ಮಧ್ಯಾಹ್ನ ನೋಡುತ್ತೀಯಾ?"

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಿತ್ತು.

ವರದಿ ಹೋಯಿತು: ನೂರಕ್ಕೆ ತೊಂಬತ್ತಾರೂವರೆ.
ಅಡಿಟಿಪ್ಪಣಿಯಲ್ಲಿ ಒಂದು ನಕ್ಷತ್ರದ ಕೆಳಗೆ
ಹೆಸರಿಲ್ಲದೆ ಮಲಗಿದ್ದಾನೆ ಬುಧವಂತ, ಹಗಲಲ್ಲಿ.
ಉಳಿದ ಆರು ಜನ? ಒಬ್ಬ ಐಸ್ ಫ್ಯಾಕ್ಟರಿಯ ಕಾವಲುಗಾರ.
ಒಬ್ಬಳು ಎಳೆಗೂಸಿನ ತಾಯಿ,
ಅವಳಿಗೆ ರಾತ್ರಿ ಯಾವುದು ಹಗಲು ಯಾವುದು.
ಆರೂ ಜನರಿಗೆ ಮಾತ್ರೆ ಕೊಟ್ಟೆವು,
ಆಮೇಲೆ ಚುಚ್ಚಿ ತಿಳಿಯುವುದೇನೂ ಉಳಿಯಲಿಲ್ಲ.

ಮೇಜು ಮಡಚುವ ಕೊನೆಯ ರಾತ್ರಿ
ಉಳಿದೊಂದು ಕಾರ್ಡಿಗೆ ನನ್ನ ಬೆರಳು ಒತ್ತಿದೆ.
ಹತ್ತು ನಿಮಿಷ. ಒಂದೇ ಗೆರೆ.
ಪೋಕಾ ಟಾರ್ಚು ಆರಿಸಿದ.
ಹನ್ನೊಂದನೇ ನಿಮಿಷಕ್ಕೆ, ನೋಡಬಾರದೆಂದಿದ್ದರೂ,
ಮೊಬೈಲಿನ ಬೆಳಕಲ್ಲಿ ಮತ್ತೊಮ್ಮೆ ನೋಡಿದೆ.